ಕಾರಿಗೆ ಎಪ್ಪತ್ತು, ಲಾರಿಗೆ ಐವತ್ತೈದು

ಜೂನ್ 22, 1997

ತಮ್ಮ ಲೋವೆಲ್,

ಗೆದ್ದೆವು ಕಣೋ! ಗವರ್ನರ್ ಸಹಿ ಹಾಕಿಬಿಟ್ಟರು. ಜುಲೈ ಒಂದರಿಂದ ನಮ್ಮ ರಾಜ್ಯದ ಹೆದ್ದಾರಿಯಲ್ಲಿ ವೇಗದ ಮಿತಿ ಕಾರಿಗೆ ಗಂಟೆಗೆ ಎಪ್ಪತ್ತು ಮೈಲಿ, ಲಾರಿಗೆ ಐವತ್ತೈದು. ಚರ್ಚಿನ ನೆಲಮಾಳಿಗೆಯಲ್ಲಿ ಮಡಚುವ ಮೇಜು ಹಾಕಿಕೊಂಡು ಎರಡು ಚಳಿಗಾಲ ಸಹಿ ಸಂಗ್ರಹಿಸಿದ್ದು ಸಾರ್ಥಕವಾಯಿತು. ಪತ್ರಿಕೆಯವರು ಇದನ್ನು "ಸೆಲ್ಮರ್ ಕಾನೂನು" ಎಂದು ಕರೆದಿದ್ದಾರೆ. ನನ್ನ ಗಂಡ ಬದುಕಿದ್ದಾಗ ಅವನ ಹೆಸರು ಪತ್ರಿಕೆಯಲ್ಲಿ ಒಂದೇ ಸಲ ಬಂದಿತ್ತು, ಅದೂ ಮೀನು ಹಿಡಿಯುವ ಸ್ಪರ್ಧೆಯಲ್ಲಿ ಕೊನೆಯವನಾಗಿ. ಈಗ ನೋಡು.

ಅತ್ತೆನೋ. ಶಾಲೆಯ ಅಡುಗೆಮನೆಯಲ್ಲಿ ಆಲೂಗಡ್ಡೆ ಹಿಸುಕುತ್ತಿದ್ದೆ, ಜೊತೆಯವಳು ಓಡಿ ಬಂದು "ವರ್ನಕ್ಕಾ, ರೇಡಿಯೋದಲ್ಲಿ ಬಂತು" ಅಂದಳು. ಅಲ್ಲೇ ಕೂತು ಅತ್ತೆ. ಸೇತುವೆಯ ಹತ್ತಿರ ರಸ್ತೆ ದುರಸ್ತಿಗೆಂದು ನಿಂತ ಕಾರುಗಳ ಸಾಲಿನಲ್ಲಿ ಸೆಲ್ಮರ್ ಕೊನೆಯವನಾಗಿ ನಿಂತಿದ್ದ, ಅಷ್ಟೇ ಅವನು ಮಾಡಿದ ತಪ್ಪು. "ಬ್ರೇಕ್ ಒತ್ತಿದೆ, ತುಂಬಿದ ಲಾರಿ, ನಿಲ್ಲಲಿಲ್ಲ" ಎಂದು ಹಿಂದಿನಿಂದ ಬಂದು ಗುದ್ದಿದ ಚಾಲಕ ಕೋರ್ಟಿನಲ್ಲಿ ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. ನಿಲ್ಲದ ಲಾರಿಗೆ ಅಷ್ಟು ವೇಗ ಯಾಕೆ?

ನಿನಗೆ ಫೋನ್ ಮಾಡಿದರೆ "ಹೂಂ, ಹೂಂ" ಅನ್ನುವುದು ಬಿಟ್ಟು ಬೇರೆ ಬರುವುದಿಲ್ಲ. ಬರೆದರೆ ನಾಲ್ಕು ಮಾತಾದರೂ ಬರುತ್ತದೆ. ಅದಕ್ಕೇ ನೀನು ಯಾವಾಗಲೂ ಲಾರಿ ನಿಲ್ಲಿಸುವ ಡೋರೀನಳ ಊಟದಂಗಡಿಗೆ ಈ ಪತ್ರ ಹಾಕುತ್ತಿದ್ದೇನೆ. ಒಂದು ಮಾತು ಕೊಡಬೇಕು ನೀನು. ಐವತ್ತೈದು ಅಂದರೆ ಐವತ್ತೈದೇ. ನಿನ್ನ ಬಾಸ್ ಬೊಬ್ಬೆ ಹೊಡೆಯಲಿ, ಸರಕು ತಡವಾಗಲಿ. ಸೆಲ್ಮರನ ಹೆಸರಿನ ಕಾನೂನನ್ನು ಅವನ ಭಾವಮೈದುನನೇ ಮುರಿದ ಎಂದು ಊರಿನವರು ಆಡಿಕೊಳ್ಳಬಾರದು.

ನಿನ್ನ ಅಕ್ಕ,
ವರ್ನಾ

ಜುಲೈ 13, 1997
ಡೋರೀನಳ ಊಟದಂಗಡಿ

ಅಕ್ಕಾ,

ಮಾತು ಕೊಟ್ಟಿದ್ದೇನೆ, ಉಳಿಸಿಕೊಂಡೂ ಇದ್ದೇನೆ. ಇಡೀ ಹೆದ್ದಾರಿಯಲ್ಲಿ ಐವತ್ತೈದರಲ್ಲಿ ಹೋಗುವ ಲಾರಿ ನನ್ನದೊಂದೇ ಇರಬೇಕು. ಮಿಕ್ಕವರೆಲ್ಲ ಪೊಲೀಸರನ್ನು ಕಂಡಾಗ ಮಾತ್ರ ಭಕ್ತರು. ಲಾರಿಯವರ ರೇಡಿಯೋದಲ್ಲಿ ನನಗೆ ಹೊಸ ಹೆಸರು ಬಿದ್ದಿದೆ. ಮೊನ್ನೆ ಒಬ್ಬ ಕೂಗಿದ: "ದಾರಿ ಬಿಡ್ರಪ್ಪೋ, ಅಕ್ಕನ ತಮ್ಮನ ಮೆರವಣಿಗೆ ಬರ್ತಾ ಇದೆ!" ಇನ್ನೊಬ್ಬ, "ಹಿಂದೆ ತುತ್ತೂರಿ ಊದೋರು ಎಲ್ಲಿ?" ಅಂದ. ನಾನು, "ನಿಮ್ಮಪ್ಪ ಊದ್ತಾನೆ, ಕೇಳಿಸ್ಕೋ" ಅಂದೆ.

ಒಂದು ಲಾಭ ಏನೆಂದರೆ, ಎಲ್ಲರೂ ನನ್ನನ್ನು ದಾಟಿ ಹೋಗುವುದರಿಂದ ದಿನವಿಡೀ ನನಗೆ ವಂದನೆಯೋ ವಂದನೆ. ಅಪ್ಪ ಧಾನ್ಯದ ಲಾರಿ ಓಡಿಸುವಾಗ ನಮಗೆ ಕಲಿಸಿದ್ದು ನೆನಪಿದೆಯಲ್ಲ? ದಾಟುತ್ತಿರುವ ಲಾರಿಯ ಬಾಲ ನಮ್ಮನ್ನು ಬಿಟ್ಟು ಮುಂದೆ ಹೋಯಿತೆಂದರೆ, ನಾವು ಮುಂದಿನ ದೀಪ ಮಿನುಗಿಸಿ "ಬಾ ಇನ್ನು ಈ ಸಾಲಿಗೆ" ಎನ್ನಬೇಕು. ಅವನು ಸಾಲಿಗೆ ಬಂದ ಮೇಲೆ ತನ್ನ ಟ್ರೇಲರಿನ ಹಿಂದಿನ ದೀಪ ಎರಡು ಸಲ ಆರಿಸಿ ಹೊತ್ತಿಸಿ "ಉಪಕಾರ" ಎನ್ನಬೇಕು. ದೀಪದಲ್ಲಿ ಉಪಕಾರ ಹೇಳದವನು ಲಾರಿಯವನೇ ಅಲ್ಲ ಅನ್ನುತ್ತಿದ್ದ ಅಪ್ಪ. ಒತ್ತಿ ಹಿಡಿದಷ್ಟೂ ಹೊತ್ತು ಹಿಂದಿನ ದೀಪ ಆರಿಸುವ ಆ ಗುಂಡಿ ಒತ್ತುವುದಕ್ಕೆ ನೀನು ನನ್ನ ಜುಟ್ಟು ಹಿಡಿದು ಜಗಳವಾಡುತ್ತಿದ್ದೆ.

ಒಂದೇ ಒಂದು ವಿಷಯ. ಬೈಯಬೇಡ. ಕಾರುಗಳು ಈಗ ಬಹಳ ರಭಸವಾಗಿ ಬರುತ್ತವೆ, ಅಥವಾ ನಾನು ನಿಧಾನವಾಗಿದ್ದಕ್ಕೆ ಹಾಗೆ ಕಾಣುತ್ತದೋ ಏನೋ. ಕನ್ನಡಿಯಲ್ಲಿ ಸಾಸಿವೆ ಕಾಳಿನಷ್ಟಿದ್ದ ಕಾರು ತಿರುಗಿ ನೋಡುವಷ್ಟರಲ್ಲಿ ಕುಂಬಳಕಾಯಿಯಷ್ಟಾಗಿರುತ್ತದೆ. ಎಲ್ಲರೂ ಒಂದೇ ವೇಗದಲ್ಲಿ ಹೋಗುತ್ತಿದ್ದಾಗ ಹೀಗಿರಲಿಲ್ಲ. ಸುಮ್ಮನೆ ಹೇಳಿದೆ.

ಲೋವೆಲ್

ಆಗಸ್ಟ್ 10, 1997

ತಮ್ಮಾ,

"ಸುಮ್ಮನೆ ಹೇಳಿದೆ" ಅಂತೆ! ನಿನ್ನ ಸುಮ್ಮನೆ ನನಗೆ ಗೊತ್ತಿಲ್ಲವೇ? ನಿನ್ನ ಬಾಸ್ ನಿನ್ನ ಕಿವಿ ಕಚ್ಚಿದ್ದಾನೆ. ಓಡಿದ ಮೈಲಿಗೆ ತಕ್ಕ ಸಂಬಳ ಕೊಡುವವರಿಗೆ ನಿಧಾನ ಎಂದರೆ ಹೊಟ್ಟೆನೋವು. ಈ ಕಾನೂನಿನ ವಿಚಾರಣೆಯಲ್ಲಿ ಲಾರಿ ಸಂಘದವರೂ ಇದೇ ರಾಗ ಹಾಡಿದ್ದರು, "ವೇಗ ಕೊಲ್ಲೋದಿಲ್ಲ ಅಮ್ಮಾ, ವೇಗದ ಅಂತರ ಕೊಲ್ಲುತ್ತೆ" ಎಂದು. ನಾನು ಎದ್ದು ನಿಂತು, "ನನ್ನ ಗಂಡ ನಿಂತಿದ್ದ ಸ್ವಾಮೀ, ನಿಂತವನಿಗೂ ನಿಮ್ಮ ಲಾರಿಗೂ ಎಷ್ಟು ಅಂತರ ಇತ್ತು ಲೆಕ್ಕ ಹಾಕಿ" ಅಂದೆ.

ಕಾರಿನವರಿಗೆ ಕಣ್ಣಿದೆ. ಎದುರಿಗೆ ಮನೆಯಷ್ಟು ದೊಡ್ಡ ಲಾರಿ ಇರುವಾಗ ಕಾಣದವರು ಯಾರು? ನೀನು ನಿನ್ನ ಪಾಡಿಗೆ ಬಲಗಡೆಯ ಸಾಲಿನಲ್ಲಿ ಹೋಗು.

ಲೆಫ್ಸ ಕಳಿಸಿದ್ದೇನೆ. ಆಲೂಗಡ್ಡೆ ಹೊಸದು, ರೊಟ್ಟಿ ತೆಳ್ಳಗೆ ಬಂದಿದೆ. ಬೆಣ್ಣೆ ಸಕ್ಕರೆ ಸವರಿಕೊಂಡು ತಿನ್ನು. ಡೋರೀನಳಿಗೆ ಎರಡು ಕೊಡು, ಎಲ್ಲ ನೀನೇ ಮುಕ್ಕಬೇಡ.

ವರ್ನಾ

ಅಕ್ಟೋಬರ್ 19, 1997

ಅಕ್ಕಾ,

ಪತ್ರಿಕೆಯಲ್ಲಿ ಓದಿರುತ್ತೀಯ. ನನಗೆ ಏನೂ ಆಗಿಲ್ಲ. ಒಂದು ಗೀರು ಕೂಡ ಇಲ್ಲ.

ಹುಡುಗಿಯ ಹೆಸರು ಮಾರ್ಲಿಸ್ ಕ್ವಾಮ್. ಸಕ್ಕರೆ ಕಾರ್ಖಾನೆಯ ಪಾಳಿ ಮುಗಿಸಿ ಮನೆಗೆ ಹೋಗುತ್ತಿದ್ದಳಂತೆ. ಅವಳ ಕಾರು ನನ್ನ ಟ್ರೇಲರಿನ ಹಿಂಬದಿಗೆ ಬಂದು ಹೊಡೆಯಿತು. ಆಸ್ಪತ್ರೆಗೆ ಒಯ್ಯುವ ಮೊದಲೇ ಹೋಗಿಬಿಟ್ಟಳು. ನಾನು ಐವತ್ತೈದರಲ್ಲಿದ್ದೆ. ಪೊಲೀಸರು ನನ್ನದು ತಪ್ಪಿಲ್ಲ ಎಂದು ಬರೆದುಕೊಂಡರು.

ಫೋನ್ ಮಾಡಬೇಡ. ಮಾತಾಡುವುದಕ್ಕೆ ಆಗುವುದಿಲ್ಲ.

ಲೋವೆಲ್

ನವೆಂಬರ್ 9, 1997

ಲೋವೆಲ್,

ಮೂರು ಸಲ ಬರೆಯಲು ಕೂತು ಮೂರು ಸಲ ಎದ್ದೆ. ಫೋನ್ ಬೇಡ ಅಂದೆಯಲ್ಲ, ಮಾಡಲಿಲ್ಲ. ಆದರೆ ನೀನು ಊಟ ಮಾಡುತ್ತಿದ್ದೀಯೋ ಇಲ್ಲವೋ ಎಂದು ಡೋರೀನಳಿಗೆ ಮಾಡಿ ಕೇಳಿದೆ. "ಕಾಫಿ ಕುಡಿತಾನೆ, ತಟ್ಟೆ ಹಾಗೇ ಬಿಟ್ಟು ಹೋಗ್ತಾನೆ" ಅಂದಳು.

ಕಳೆದ ಬುಧವಾರ ಆ ಹುಡುಗಿಯ ತಂದೆ ನಮ್ಮ ಮನೆಗೆ ಬಂದಿದ್ದರು. ಗೆರ್ಹಾರ್ಡ್ ಕ್ವಾಮ್. ನದಿಯಾಚೆ ಸಕ್ಕರೆ ಕಾರ್ಖಾನೆಗೆ ಬೀಟ್ ಗೆಡ್ಡೆ ಬೆಳೆಯುವವರು, ಹೆಂಡತಿ ತೀರಿ ಬಹಳ ಕಾಲವಾಗಿದೆ, ಇದ್ದದ್ದು ಇವಳೊಬ್ಬಳೇ. ಬಾಗಿಲಲ್ಲಿ ಟೋಪಿ ತೆಗೆದು ನಿಂತರು. ಬೈಯಲು ಬಂದಿದ್ದಾರೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

ಕಾಫಿ ಕೊಟ್ಟೆ. ಕುಡಿಯಲಿಲ್ಲ. "ಅಮ್ಮಾ, ನಾನು ಓದಿದೋನಲ್ಲ. ಒಂದು ಲೆಕ್ಕ ಬಗೆಹರೀತಾ ಇಲ್ಲ, ನಿಮ್ಮನ್ನ ಕೇಳಿ ಹೋಗೋಣ ಅಂತ ಬಂದೆ" ಅಂದರು.

"ಕೇಳಿ" ಅಂದೆ.

"ನಿಮ್ಮ ತಮ್ಮ ಐವತ್ತೈದರಲ್ಲಿ ಹೋಗ್ತಿದ್ರು. ನಿಮ್ಮ ಕಾನೂನು ಹಾಗೇ ಹೇಳುತ್ತೆ. ನನ್ನ ಮಗಳು ಎಪ್ಪತ್ತರಲ್ಲಿ ಹೋಗ್ತಿದ್ಳು. ನಿಮ್ಮ ಕಾನೂನು ಅದನ್ನೂ ಹೇಳುತ್ತೆ. ಇಬ್ರೂ ಕಾನೂನು ಪಾಲಿಸಿದ್ರು. ಹಾಗಾದ್ರೆ ನನ್ನ ಮಗಳನ್ನ ಕೊಂದೋರು ಯಾರು?"

ನಾನು ಏನು ಹೇಳಲಿ, ಲೋವೆಲ್? ಇಡೀ ರಾಜ್ಯದ ಎದುರು ಪಟಪಟ ಮಾತಾಡಿದ ನಿನ್ನ ಅಕ್ಕ, ಅವರು ಮುಟ್ಟದ ಲೋಟಕ್ಕೆ ಮತ್ತೆ ಕಾಫಿ ಸುರಿದಳು. ಅವರು "ಗೊತ್ತಾದ್ರೆ ಹೇಳಿ" ಅಂದು ಟೋಪಿ ಹಾಕಿಕೊಂಡು ಹೋದರು.

ನೀನು ಜುಲೈನಲ್ಲೇ ಹೇಳಿದ್ದೆ. ಸಾಸಿವೆ ಕಾಳು, ಕುಂಬಳಕಾಯಿ ಅಂತ. ನಾನು ನಿನ್ನ ಬಾಯಿ ಮುಚ್ಚಿಸಿದೆ. ಎದುರಿಗೆ ಇಷ್ಟು ದೊಡ್ಡ ಲಾರಿ ಕಾಣದವರು ಯಾರು ಎಂದು ಬರೆದ ಕೈ ಇದೇ. ಮಾತು ತೆಗೆದುಕೊಂಡವಳೂ ನಾನೇ, ನೀನು ಪಾಪ ಕೊಟ್ಟ ಮಾತಿಗೆ ನಡೆದೆ. ಈ ಪಾಪ ನಿನ್ನದಲ್ಲ, ನನ್ನದು. ದಯವಿಟ್ಟು ಊಟ ಮಾಡು.

ಅಕ್ಕ

ಡಿಸೆಂಬರ್ 7, 1997

ಅಕ್ಕಾ,

ನೀನು ಎಲ್ಲವನ್ನೂ ತಲೆಯ ಮೇಲೆ ಹೊತ್ತುಕೊಳ್ಳಬೇಡ. ಯಾವ ಅಪಘಾತವೂ ಒಂದೇ ಕಾರಣಕ್ಕೆ ಆಗುವುದಿಲ್ಲ. ಅವತ್ತು ಮುಸ್ಸಂಜೆ, ಬೀಟ್ ಸಾಗಿಸುವ ಕಾಲ, ರಸ್ತೆಯ ತುಂಬ ಮಣ್ಣು. ಏನೇನೋ ಇರುತ್ತದೆ.

ಕಂಪನಿ ಬೇರೆ ಟ್ರೇಲರ್ ಕೊಟ್ಟಿದೆ. ಓಡಿಸುತ್ತಿದ್ದೇನೆ. ಕ್ರಿಸ್‌ಮಸ್ಸಿಗೆ ಬರಲು ಆಗುವುದಿಲ್ಲ, ದೂರದ ಸರಕು ಕೇಳಿ ಪಡೆದಿದ್ದೇನೆ.

ಕ್ವಾಮ್ ಅವರು ಮತ್ತೆ ಬಂದರೆ ನನ್ನ ಬಗ್ಗೆ ಏನೂ ಹೇಳಬೇಡ.

ಲೋವೆಲ್

ಜನವರಿ 18, 1998

ತಮ್ಮಾ,

ಇದೆಂಥ ಪತ್ರವೋ? ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. "ಏನೇನೋ ಇರುತ್ತದೆ" ಅಂದರೆ ಏನು? ನನ್ನ ಮನಸ್ಸು ಹಗುರ ಮಾಡಲು ಹಾಗೆ ಬರೆದಿದ್ದೀಯ, ಅಷ್ಟು ತಿಳಿಯದವಳೇ ನಾನು? ಚಿಕ್ಕಂದಿನಲ್ಲೂ ಹೀಗೇ, ನಾನು ಒಡೆದ ಬಟ್ಟಲಿಗೆ ನೀನು ಏಟು ತಿನ್ನುತ್ತಿದ್ದೆ.

ಕೇಳು, ನಾನೊಂದು ನಿರ್ಧಾರ ಮಾಡಿದ್ದೇನೆ. ಲಾರಿ ಕಾರು ಎರಡಕ್ಕೂ ಒಂದೇ ಮಿತಿ ಇರಬೇಕು, ಅರವತ್ತೈದು, ಎಂದು ಲಾರಿ ಸಂಘದವರು ಮಸೂದೆ ತಂದಿದ್ದಾರೆ. ಫೆಬ್ರವರಿ ಹತ್ತಕ್ಕೆ ರಾಜಧಾನಿಯಲ್ಲಿ ವಿಚಾರಣೆ. ನನ್ನನ್ನು ಮಾತಾಡಲು ಕರೆದಿದ್ದಾರೆ. ಅವರ ಪರವಾಗಿ! ನಾನು ಒಪ್ಪಿದೆ. ನಾನು ಮಾಡಿಸಿದ ಕಾನೂನು ತಪ್ಪು, ಅದು ಒಬ್ಬ ಹುಡುಗಿಯನ್ನು ಕೊಂದಿತು ಎಂದು ಹೇಳಲು ಹೋಗುತ್ತಿದ್ದೇನೆ.

ಚರ್ಚಿನ ಹೆಂಗಸರು ಮಾತು ಬಿಟ್ಟಿದ್ದಾರೆ. "ಸೆಲ್ಮರನ ಹೆಸರಿಗೆ ಮಸಿ ಬಳೀತಾ ಇದ್ದೀಯಲ್ಲ ವರ್ನಾ, ನಿನ್ನ ಗಂಡನ್ನ ಎರಡನೇ ಸಲ ಸಾಯಿಸ್ತಾ ಇದ್ದೀಯ" ಎಂದು ಒಬ್ಬಳು ಮುಖಕ್ಕೇ ಅಂದಳು. ಮನೆಗೆ ಬಂದು ಸೆಲ್ಮರನ ಪಟದ ಮುಂದೆ ನಿಂತು ಕ್ಷಮೆ ಕೇಳಿದೆ. ನನಗೆ ಅವನಿಗಿಂತ ಪ್ರೀತಿಯದು ಯಾವುದಿತ್ತು? ಆದರೆ ಅವನ ಹೆಸರು ಹಾಕಿಕೊಂಡ ಕಾನೂನು ಇನ್ನೊಬ್ಬರ ಮನೆಯ ದೀಪ ಆರಿಸಿದ್ದರೆ, ಆ ಹೆಸರನ್ನು ನಾನೇ ಅಳಿಸಬೇಕು.

ಕ್ವಾಮ್ ಅವರಿಗೆ ಇದನ್ನು ಹೇಳಲು ಹೋದಾಗ ಬರಿಗೈಲಿ ಹೇಗೆ ಹೋಗುವುದು ಎಂದು ಮಾಂಸ ಆಲೂಗಡ್ಡೆ ಹಾಕಿ ಹಾಟ್‌ಡಿಶ್ ಬೇಯಿಸಿಕೊಂಡು ಹೋದೆ, ಅಮ್ಮನ ನೀಲಿ ಗಾಜಿನ ಪಾತ್ರೆಯಲ್ಲಿ. ಅವರು, "ನೀವು ಇಷ್ಟು ಮಾಡ್ತೀರಿ ಅಂದ್ಕೊಂಡಿರ್ಲಿಲ್ಲ" ಅಂದರು. ಮುಂದಿನ ವಾರ ಪಾತ್ರೆ ವಾಪಸ್ಸು ಬಂತು, ತುಂಬ ಮೊಟ್ಟೆ. ನಾನು ಮತ್ತೆ ತುಂಬಿಸಿ ಕಳಿಸಿದೆ, ಬೀಟ್ ಉಪ್ಪಿನಕಾಯಿ ತುಂಬಿ ಬಂತು. ನಮ್ಮ ಕಡೆಯವರ ಪದ್ಧತಿ ಗೊತ್ತಲ್ಲ, ಸತ್ತರೂ ಖಾಲಿ ಪಾತ್ರೆ ಹಿಂದಕ್ಕೆ ಕೊಡುವುದಿಲ್ಲ. ಹೀಗೇ ಹೋದರೆ ಅವರ ಕೋಳಿಗಳಿಗೂ ನನ್ನ ಒಲೆಗೂ ಬಿಡುವಿಲ್ಲ. ನಗು ಬಂತೇ? ನನಗೂ ಬಹಳ ದಿನದ ಮೇಲೆ ಬಂತು. ಮಗಳ ಕೋಣೆ ತೋರಿಸಿದರು. ಅವಳ ಚಳಿಗಾಲದ ಬೂಟು ಬಾಗಿಲ ಹಿಂದೆ ಹಾಗೇ ಇದೆ.

ನೀನು ವಿಚಾರಣೆಗೆ ಬರುವುದು ಬೇಡ. ನಿನ್ನ ಪರವಾಗಿಯೂ ನಾನೇ ಮಾತಾಡುತ್ತೇನೆ.

ಅಕ್ಕ

ಫೆಬ್ರವರಿ 2, 1998

ಅಕ್ಕಾ,

ನೀನು ಹೋಗಬೇಡ. ಹೋಗಬೇಡ ಎಂದಷ್ಟೇ ಬರೆದು ಮುಗಿಸಿದರೆ ನೀನು ಕೇಳುವವಳಲ್ಲ. ಆದ್ದರಿಂದ ಪೂರ್ತಿ ಬರೆಯುತ್ತೇನೆ.

ಅವತ್ತು ನನ್ನ ಮುಂದೆ ಒಂದು ಬೀಟ್ ಲಾರಿ ಇತ್ತು, ಡುವೇನ್ ಅನ್ನುವವನದು, ಪರಿಚಯದವನು. ಹೊಲದಿಂದ ತುಂಬಿಸಿಕೊಂಡು ನಲವತ್ತರಲ್ಲಿ ತೆವಳುತ್ತಿದ್ದ. ತಿಂಗಳುಗಟ್ಟಲೆ ಎಲ್ಲರೂ ನನ್ನನ್ನು ದಾಟಿದ ಮೇಲೆ ನನಗೂ ದಾಟಲು ಒಬ್ಬ ಸಿಕ್ಕನಲ್ಲ ಎಂದು ಖುಷಿಯಾಯಿತು. ದಾಟಿದೆ. ಅವನು ದೀಪ ಮಿನುಗಿಸಿ "ಬಾ" ಅಂದ. ಬಲಗಡೆಯ ಸಾಲಿಗೆ ಬಂದೆ. ರೇಡಿಯೋದಲ್ಲಿ, "ಏನ್ ಗುರೂ, ಮೆರವಣಿಗೆ ಓಡೋಕೆ ಶುರು ಮಾಡ್ತಾ?" ಅಂದ. ನಾನು ನಕ್ಕು ದೀಪದಲ್ಲಿ ಉಪಕಾರ ಹೇಳಿದೆ. ಒಂದು ಸಲ ಆರಿಸಿ ಹೊತ್ತಿಸಿದೆ. ಎರಡನೇ ಸಲ ತಮಾಷೆಗೆ ಗುಂಡಿಯನ್ನು ಒತ್ತಿ ಹಿಡಿದೆ. ಕುಣಿಯುವವನು ಕಾಲೆತ್ತಿ ನಿಂತ ಹಾಗೆ, ಅಷ್ಟು ಹೊತ್ತು. ಟ್ರೇಲರಿನ ಹಿಂದೆ ಒಂದು ದೀಪವೂ ಇರಲಿಲ್ಲ, ಮಣ್ಣು ಮೆತ್ತಿ ಹೊಳೆಯುವ ಪಟ್ಟಿಗಳೂ ಮುಚ್ಚಿದ್ದವು.

ಆ ಹುಡುಗಿ ಎಡಗಡೆಯ ಸಾಲಿನಲ್ಲಿ ಡುವೇನ್‌ನನ್ನು ದಾಟಿ, ಒಳ್ಳೆಯ ಚಾಲಕರು ಮಾಡುವ ಹಾಗೆ, ಬಲಕ್ಕೆ ಬಂದಳು. ಮುಂದೆ ಖಾಲಿ ರಸ್ತೆ ಅಂದುಕೊಂಡಿರಬೇಕು.

ಗುಂಡಿಯ ಮೇಲೆ ನನ್ನ ಬೆರಳು ಇನ್ನೂ ಇತ್ತು, ಅಕ್ಕಾ. ಆಗಲೇ ಸದ್ದಾಯಿತು.

ಪೊಲೀಸರು ಬಂದಾಗ ದೀಪಗಳು ಹೊತ್ತಿಕೊಂಡೇ ಇದ್ದವು. "ಎಷ್ಟು ವೇಗದಲ್ಲಿದ್ರಿ?" ಅಂದರು, ಹೇಳಿದೆ. ದೀಪದ ವಿಷಯ ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಡುವೇನ್ ನನ್ನ ಮುಖ ನೋಡಿದ, ನೆಲ ನೋಡಿದ, "ನನಗೇನೂ ಕಾಣ್ಲಿಲ್ಲ ಸಾರ್" ಅಂದ. ಅವನೂ ದಿನಾ ಅದೇ ಗುಂಡಿ ಒತ್ತುವವನು.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಪತ್ರಿಕೆಯವರು, ಲಾರಿಯವರು, ಎಲ್ಲರೂ ನಿನ್ನ ಕಾನೂನನ್ನು ಬೈದಾಗ ನನಗೆ ಹಾಯೆನಿಸಿತು. ನಿನ್ನ ನವೆಂಬರಿನ ಪತ್ರ ಓದಿ, "ಈ ಪಾಪ ನನ್ನದು" ಎಂದು ನೀನು ಬರೆದದ್ದನ್ನು ಮಡಚಿ ಜೇಬಿಗೆ ಹಾಕಿಕೊಂಡು ಅವತ್ತು ಹೊಟ್ಟೆ ತುಂಬ ಉಂಡೆ. ನೀನು ಹೊತ್ತುಕೊಂಡಿದ್ದೀಯ ಎಂದ ಮೇಲೆ ನಾನು ಇಳಿಸಿಟ್ಟೆ. ಇಂಥ ತಮ್ಮ ನಾನು.

ನಿನ್ನ ಕಾನೂನು ಸರಿಯೋ ತಪ್ಪೋ ನನಗೆ ಗೊತ್ತಿಲ್ಲ. ಅವಳೂ ಐವತ್ತೈದರಲ್ಲಿದ್ದಿದ್ದರೆ ಬ್ರೇಕ್ ಒತ್ತಲು ಒಂದು ಗಳಿಗೆ ಸಿಗುತ್ತಿತ್ತೇನೋ. ಆದರೆ ಆ ಸಂಜೆ ಕತ್ತಲೆ ಮಾಡಿದವನು ನಾನು. ಸೆಲ್ಮರ್ ಭಾವನ ಹೆಸರನ್ನು ನನಗೋಸ್ಕರ ಅಳಿಸಬೇಡ.

ಲೋವೆಲ್

ಫೆಬ್ರವರಿ 15, 1998

ಲೋವೆಲ್,

ನಿನ್ನ ಪತ್ರ ಒಂಬತ್ತನೇ ತಾರೀಕು ಕೈಸೇರಿತು. ಹತ್ತನೇ ತಾರೀಕು ಬೆಳಿಗ್ಗೆ ಅದನ್ನು ಪರ್ಸಿನಲ್ಲಿಟ್ಟುಕೊಂಡು ರಾಜಧಾನಿಗೆ ಹೋದೆ. ದಾರಿಯುದ್ದಕ್ಕೂ ಕಾರಿನಲ್ಲಿ ಜೋರಾಗಿ ನಿನ್ನನ್ನು ಬೈದೆ. ಬಾಯಿಗೆ ಬಂದ ಹಾಗೆ ಬೈದೆ. ಒಂದೊಂದು ಲಾರಿ ದಾಟಿದಾಗಲೂ ಅದರ ಬಾಲದ ದೀಪ ನೋಡುತ್ತಿದ್ದೆ.

ಸಭೆ ತುಂಬಿತ್ತು. ಕ್ವಾಮ್ ಅವರು ಮದುವೆಯ ಕೋಟು ಹಾಕಿಕೊಂಡು ಮೊದಲ ಸಾಲಿನಲ್ಲಿ ಕೂತಿದ್ದರು. ನಾನು ಸೆಲ್ಮರನ ಬಗ್ಗೆ ಮಾತಾಡಿದೆ, ಹುಡುಗಿಯ ಬಗ್ಗೆ ಮಾತಾಡಿದೆ. ಸಮಿತಿಯ ಅಧ್ಯಕ್ಷರು ಕನ್ನಡಕ ತೆಗೆದು ಕೇಳಿದರು: "ನಿಮ್ಮ ತಮ್ಮ ಐವತ್ತೈದರಲ್ಲಿದ್ರು, ಅಲ್ವಾ ಅಮ್ಮಾ?"

"ಹೌದು" ಅಂದೆ.

"ಅಪಘಾತಕ್ಕೆ ವೇಗದ ಅಂತರ ಬಿಟ್ಟು ಬೇರೆ ಯಾವ ಕಾರಣಾನೂ ಅವರು ನಿಮಗೆ ಹೇಳಿಲ್ವಾ?"

ಪರ್ಸು ನನ್ನ ತೊಡೆಯ ಮೇಲಿತ್ತು. ಎರಡೂ ಕೈ ಅದರ ಮೇಲಿಟ್ಟುಕೊಂಡಿದ್ದೆ.

"ಇಲ್ಲ" ಅಂದೆ.

ನಿನ್ನನ್ನು ಉಳಿಸಲು ಅಂದೆ. ಇನ್ನೂ ಒಂದಿದೆ. ನಿನ್ನ ಪತ್ರ ಓದಿದಾಗ ಮೊದಲು ನನಗಾದದ್ದು ದುಃಖವಲ್ಲ. "ಸದ್ಯ, ನಾನಲ್ಲ" ಎಂದು ಉಸಿರು ಬಿಟ್ಟೆ. ನಿನ್ನ ಹಾಗೇ. ಆ ಉಸಿರಿಗೆ ನಾಚಿಕೆಯಾಗಿ, ಮತ್ತೆ ನನ್ನ ತಲೆಯ ಮೇಲೇ ಹೊರೆ ಎಳೆದುಕೊಂಡೆ. ಅದರಲ್ಲಿ ಒಳ್ಳೆಯತನ ಎಷ್ಟು, ಜಂಬ ಎಷ್ಟು, ನನಗೇ ತಿಳಿಯದು.

ಮಸೂದೆ ಪಾಸಾಯಿತು. ಜುಲೈನಿಂದ ಇಬ್ಬರಿಗೂ ಅರವತ್ತೈದು. ಲಾರಿ ಸಂಘದವರು ಚಪ್ಪಾಳೆ ತಟ್ಟಿದರು. ಕ್ವಾಮ್ ಅವರು ನನ್ನ ಹತ್ತಿರ ಬಂದು ನನ್ನ ಕೈಯನ್ನು ತಮ್ಮ ಎರಡು ಕೈಯಲ್ಲಿ ಹಿಡಿದು, "ನಿಜ ಹೇಳೋಕೆ ಎಂಟೆದೆ ಬೇಕು ವರ್ನಮ್ಮಾ. ನನ್ನ ಲೆಕ್ಕ ಬಗೆಹರೀತು" ಅಂದರು.

ನಾನು ಪರ್ಸು ಕಂಕುಳಿಗೆ ಸೇರಿಸಿಕೊಂಡು ಹಿಂಬಾಗಿಲಿನಿಂದ ಹೊರಗೆ ಬಂದೆ.

ನಿನ್ನ ಪತ್ರ ಒಲೆಗೆ ಹಾಕಿದ್ದೇನೆ. ಈಗ ನನಗೂ ನಿನಗೂ ಡುವೇನ್‌ಗೂ ಬಿಟ್ಟು ಯಾರಿಗೂ ಗೊತ್ತಿಲ್ಲ. ಇಲ್ಲಿಗೆ ಮುಗಿಯಿತು ಅಂದುಕೋ. ಮತ್ತೆ ಈ ಮಾತು ಬರೆಯಬೇಡ.

ವರ್ನಾ

ಮಾರ್ಚ್ 22, 1998

ಅಕ್ಕಾ,

ಮುಗಿಯಲಿಲ್ಲ. ನಿನ್ನನ್ನು ಕೇಳದೆ ಮೊನ್ನೆ ಕ್ವಾಮ್ ಅವರ ಮನೆಗೆ ಹೋಗಿದ್ದೆ.

ಲಾರಿಯಲ್ಲೇ ಹೋದೆ. ಬೀಟ್ ತುಂಬುವ ಅಂಗಳದಲ್ಲಿ ನಿಲ್ಲಿಸಿ ಬಾಗಿಲು ತಟ್ಟಿದೆ. ಹೆಸರು ಹೇಳಿದೆ. "ಗೊತ್ತು, ಅಕ್ಕನ ಮೂಗೇ ಇದೆ ನಿಮಗೆ. ಬನ್ನಿ ಒಳಗೆ, ಚಳಿ" ಅಂದರು. ಒಳಗೆ ಹೋಗದೆ ಹೊಸ್ತಿಲಲ್ಲೇ ಎಲ್ಲ ಹೇಳಿದೆ. ಹೊಡೆಯುತ್ತಾರೆ ಅಂದುಕೊಂಡಿದ್ದೆ. ಅವರು ಕೋಟು ಹಾಕಿಕೊಂಡು ಹೊರಗೆ ಬಂದರು.

"ತೋರಿಸು" ಅಂದರು. ಆಗ "ನೀವು" ಹೋಗಿ "ನೀನು" ಬಂತು.

ಹೊತ್ತು ಮುಳುಗಿತ್ತು. ಅವರು ಟ್ರೇಲರಿನ ಹಿಂದೆ ನಡೆದು ಹೋಗಿ ದೂರದಲ್ಲಿ ನಿಂತರು. ನಾನು ಹತ್ತಿ ಕೂತೆ. "ಆರಿಸು" ಎಂದು ಕೂಗಿದರು. ಆರಿಸಿದೆ. "ಅವತ್ತು ಹಿಡಿದಷ್ಟೇ ಹೊತ್ತು ಹಿಡಿ." ಹಿಡಿದೆ. ಕನ್ನಡಿಯಲ್ಲಿ ಅವರು ಕಾಣಲಿಲ್ಲ. ದೀಪ ಹೊತ್ತಿದಾಗ ಕೆಂಪಗೆ ಕಂಡರು, ಟೋಪಿ ಕೈಯಲ್ಲಿತ್ತು. "ಇನ್ನೊಂದ್ಸಲ" ಅಂದರು. ಮತ್ತೆ ಇನ್ನೊಂದು ಸಲ. ಎಷ್ಟು ಸಲ ಮಾಡಿಸಿದರೋ. ಸಾಕು ಎಂದು ಹೇಳಲೇ ಇಲ್ಲ, ನಾನಾಗಿ ನಿಲ್ಲಿಸಲೂ ಇಲ್ಲ. ಕೊನೆಗೆ ಅವರೇ ಬಂದು ಬಾಗಿಲಿಗೆ ಒರಗಿ ನಿಂತು ಅತ್ತರು. ನಾನು ಸ್ಟಿಯರಿಂಗ್ ಹಿಡಿದುಕೊಂಡು ಅತ್ತೆ.

ಆಮೇಲೆ ಕೇಳಿದರು: "ನಿನ್ನ ಅಕ್ಕನಿಗೆ ಇದು ಗೊತ್ತಾ?"

"ಇಲ್ಲ" ಅಂದೆ. "ಪಾಪ, ಅವಳಿಗೇನೂ ಗೊತ್ತಿಲ್ಲ."

"ನಾನೇ ಹೋಗಿ ಹೇಳ್ತೀನಿ. ಆಯಮ್ಮ ಸುಮ್ಮನೆ ಕೊರಗ್ತಾ ಇದೆ" ಅಂದರು. ಈಸ್ಟರಿಗೆ ಮೊದಲು ಒಂದು ಭಾನುವಾರ ಬರುತ್ತಾರಂತೆ. ಬಂದಾಗ ಈಗಷ್ಟೇ ಕೇಳಿದವಳ ಹಾಗೆ ನೀನು ಒಂದು "ಅಯ್ಯೋ" ಅಂದರೆ ಸಾಕು ಅಕ್ಕಾ. ಅವರ ಮುಂದೆ ನಿನ್ನ ಹೆಸರಾದರೂ ಚೊಕ್ಕವಾಗಿರಲಿ. ನಾನು ನಿನಗೆ ಕೊಡಬಹುದಾದದ್ದು ಇಷ್ಟೇ.

ಮಾರನೆಯ ದಿನ ಷೆರಿಫ್ ಕಚೇರಿಗೆ ಹೋಗಿ ಹೇಳಿಕೆ ಕೊಟ್ಟೆ. ಲೈಸೆನ್ಸ್ ಇಟ್ಟುಕೊಂಡರು, ಮುಂದಿನದ್ದು ಗೊತ್ತಿಲ್ಲ. ಈಗ ಡೋರೀನಳ ಅಂಗಡಿಯಲ್ಲಿ ತಟ್ಟೆ ತೊಳೆಯುತ್ತಿದ್ದೇನೆ. ರಾತ್ರಿ ನಿದ್ದೆ ಬರುತ್ತಿದೆ.

ಲೋವೆಲ್

ಏಪ್ರಿಲ್ 7, 1998

ಲೋವೆಲ್,

ಅವರು ಮೊನ್ನೆ ಭಾನುವಾರ ಚರ್ಚ್ ಮುಗಿಸಿಕೊಂಡು ಬಂದರು. ಕಂಕುಳಲ್ಲಿ ಅಮ್ಮನ ನೀಲಿ ಪಾತ್ರೆ, ಬಟ್ಟೆ ಮುಚ್ಚಿತ್ತು. ತೆಗೆದರೆ ಹಾಲಿನ ಗಂಜಿ, ಮೇಲೆ ಬೆಣ್ಣೆ, ದಾಲ್ಚಿನ್ನಿ ಪುಡಿ. ಮಗಳು ಮಾಡುತ್ತಿದ್ದ ಹಾಗೆ ಮಾಡಿ ನೋಡಿದರಂತೆ, ತಳ ಹಿಡಿಯಿತಂತೆ. "ಸೀದ ವಾಸನೆ ಬಂದ್ರೆ ಬೈಕೋಬೇಡಿ" ಅಂದರು.

ಕೂತರು. ಕಾಫಿ ಕುಡಿದರು. ನೀನು ಹೇಳಿದ್ದನ್ನೆಲ್ಲ ನನಗೆ ಹೇಳಿದರು, ಎಷ್ಟು ಮೆಲ್ಲಗೆ ಎಂದರೆ, ಮಲಗಿದ ಮಗುವಿನ ಕೈಯಿಂದ ಚಾಕು ತೆಗೆಯುವ ಹಾಗೆ. ನಿನ್ನ ಮೇಲೆ ಕೋಪ ಇಲ್ಲವೇ ಎಂದರೆ ಇದೆ ಅಂದರು. "ಆದ್ರೆ ಬಂದು ಬಾಗಿಲು ತಟ್ಟಿದ ನೋಡಿ, ಅದಕ್ಕೆ ಅನ್ನೋ ಮಾತು ನನ್ನ ಹತ್ರ ಇಲ್ಲ."

ಅಷ್ಟರಲ್ಲೇ ಮುಗಿದಿದ್ದರೆ ನಾನು "ಅಯ್ಯೋ" ಅಂದುಬಿಡುತ್ತಿದ್ದೆನೇನೋ. ಬಾಯಿಯ ತನಕ ಬಂದಿತ್ತು. ಆದರೆ ಅವರು ಎದ್ದು ನಿಂತು ಟೋಪಿ ತೆಗೆದರು. "ನಿಮ್ಮ ಅಡುಗೆಮನೇಲಿ ಕೂತು ನಿಮ್ಮ ಕಾನೂನಿಗೆ ಕೊಲೆ ಹೊರಿಸ್ದೆ. ಗಂಡನ್ನ ಕಳ್ಕೊಂಡೋಳ ಮೇಲೆ ಹೊರಿಸ್ದೆ. ಅದು ನನ್ನ ತಪ್ಪು. ಕ್ಷಮಿಸಿ ವರ್ನಮ್ಮಾ" ಅಂದರು.

ನನ್ನನ್ನು ಕ್ಷಮೆ ಕೇಳಿದರು, ಲೋವೆಲ್! ಮಗಳನ್ನು ಮಣ್ಣು ಮಾಡಿದ ಮನುಷ್ಯ, ನನ್ನ ಎದುರು ತಲೆ ತಗ್ಗಿಸಿ ನಿಂತು.

"ನನಗೆ ಗೊತ್ತಿತ್ತು" ಅಂದೆ.

"ಏನು?"

"ಎಲ್ಲ. ವಿಚಾರಣೆಯ ಹಿಂದಿನ ದಿನವೇ ಲೋವೆಲ್‌ನ ಪತ್ರ ಬಂದಿತ್ತು. ಅವನು ನನ್ನನ್ನ ಕಾಪಾಡೋಕೆ ನಿಮಗೆ ಸುಳ್ಳು ಹೇಳಿದ."

ಅವರು ತಮ್ಮ ಕೈ ನೋಡಿಕೊಂಡರು. "ನಾನು ನಿಮ್ಮ ಕೈ ಹಿಡ್ಕೊಂಡಾಗ?"

"ಪತ್ರ ಪರ್ಸಲ್ಲಿತ್ತು."

ಟೋಪಿ ಹಾಕಿಕೊಂಡರು. ಗಂಜಿಯ ಪಾತ್ರೆಗೆ ಬಟ್ಟೆ ಮುಚ್ಚಿ ಕಂಕುಳಿಗೆ ಸೇರಿಸಿಕೊಂಡರು. ಬಾಗಿಲಲ್ಲಿ ತಿರುಗಿ, "ನಿಮ್ಮ ತಮ್ಮ ನನ್ನ ಮುಂದೆ ಹೇಳ್ದ. ನೀವು ನನ್ನ ಮುಂದೇನೇ ಮುಚ್ಚಿಟ್ರಿ" ಅಂದರು. ಕೂಗಲಿಲ್ಲ. ಲೆಕ್ಕ ಹೇಳುವವರ ಹಾಗೆ ಹೇಳಿದರು.

ಅವತ್ತೇ ಸಮಿತಿಯ ಅಧ್ಯಕ್ಷರ ಮನೆಗೆ ಫೋನ್ ಮಾಡಿ, ನಾನು ಸುಳ್ಳು ಹೇಳಿದೆ, ಮತ್ತೆ ವಿಚಾರಣೆ ಮಾಡಿ ಎಂದು ಕೇಳಿಕೊಂಡೆ. "ಮತ ಬಿದ್ದಾಯ್ತಲ್ಲ ಅಮ್ಮಾ" ಅಂದರು. ಕಾರಿಗೂ ಲಾರಿಗೂ ಒಂದೇ ಮಿತಿ ಇರಬೇಕೋ ಬೇಡವೋ ಎಂದು ಈಗ ಯಾರಾದರೂ ಕೇಳಿದರೆ ನಾನು ಏನು ಹೇಳಲಿ? ಸೆಲ್ಮರ್ ಸತ್ತದ್ದು ಲಾರಿ ನಿಲ್ಲದ್ದಕ್ಕೆ. ಆ ಹುಡುಗಿ ಸತ್ತದ್ದು ಲಾರಿ ಕಾಣದ್ದಕ್ಕೆ. ಒಮ್ಮೆ ದುಃಖದಿಂದ ಒಂದು ಕಾನೂನು ಮಾಡಿಸಿದೆ, ಇನ್ನೊಮ್ಮೆ ಸುಳ್ಳಿನಿಂದ ಅದನ್ನು ತೆಗೆಸಿದೆ. ಎರಡು ಸಲವೂ ಎಲ್ಲರೂ ನನ್ನನ್ನು ನಂಬಿದರು. ಜುಲೈನಲ್ಲಿ ಹೊಸ ಫಲಕ ಹಾಕುತ್ತಾರೆ, ಅರವತ್ತೈದು. ಅದು ಸರಿಯಾದ ಅಂಕಿಯೇ ಇರಬಹುದು. ನಾನು ಹೇಳಿದ್ದರಿಂದ ಸರಿಯಾಗಿಲ್ಲ, ಅಷ್ಟೇ.

ನಿನ್ನೆ ಬೆಳಿಗ್ಗೆ ಕೆಲಸಕ್ಕೆ ಹೊರಟಾಗ ಮೆಟ್ಟಿಲ ಮೇಲೆ ಅಮ್ಮನ ಪಾತ್ರೆ ಇತ್ತು. ತೊಳೆದು, ಒರೆಸಿ, ಬಟ್ಟೆಯನ್ನೂ ಇಸ್ತ್ರಿ ಮಾಡಿ ಮಡಚಿ ಪಕ್ಕದಲ್ಲಿಟ್ಟಿದ್ದರು. ಬಗ್ಗಿ ಎತ್ತಿಕೊಂಡೆ. ಒಳಗೆ ಏನೂ ಇರಲಿಲ್ಲ.

ನೀನು ಬಾ, ತಮ್ಮಾ. ಬಸ್ಸಿನಲ್ಲಿ ಬಾ. ಪಾತ್ರೆ ಮೇಜಿನ ಮೇಲಿದೆ, ಅದರಲ್ಲಿ ಏನು ಬೇಯಿಸಿದರೆ ಅವರ ಬಾಗಿಲಿಗೆ ಒಯ್ಯಬಹುದು ಎಂದು ನಿನ್ನೆಯಿಂದ ಅದರ ಮುಂದೆ ಕೂತಿದ್ದೇನೆ. ಶಾಲೆಗೂ ಹೋಗಿಲ್ಲ.

ಅಕ್ಕ